ಎರಡು ಬುಟ್ಟಿ ಹೂ

ಗೊಂಡೆ ಹೂವನ್ನು ಅಂಗೈಯಲ್ಲಿ ಉಜ್ಜಿದಾಗಿನ ಆ ಕಹಿ ಘಾಟು ಮೂಗಿಗೆ ತಾಗಿದರೆ ಸಾಕು, ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿದ್ದ ನಮ್ಮ ಮನೆಯ ಒದ್ದೆ ಅಂಗಳ ಕಣ್ಣೆದುರು ಬರುತ್ತದೆ. ರಸ್ತೆ ಅಗಲವಾದಾಗ ಹೋದ ಮನೆ ಅದು. ಮರಿಯಮ್ಮನ ಹುಟ್ಟುಹಬ್ಬವೂ ಆದ ತೆನೆಹಬ್ಬಕ್ಕೆ ಮೊದಲಿನ ಒಂಬತ್ತು ದಿನ ನಾವು ಮಕ್ಕಳು ಬೆಳಿಗ್ಗೆ ಬುಟ್ಟಿಯಲ್ಲಿ ಹೂ ಒಯ್ದು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಏಸುವಿನ ತಾಯಿ ಮರಿಯಮ್ಮನ ಪಾದಕ್ಕೆ ಹಾಕಬೇಕು. ಹಬ್ಬದ ದಿನ ಹೂ ತಂದ ಮಕ್ಕಳಿಗೆಲ್ಲ ಒಂದೊಂದು ಕಬ್ಬು. ಅಜ್ಜಿಯನ್ನು ನಾವು ಮಾಂಯ್ ಎಂದು ಕರೆಯುತ್ತಿದ್ದೆವು. ಅವಳದು ಒಂದೇ ಕಟ್ಟಳೆ: ಹೂ ನಮ್ಮ ಕೈಯಲ್ಲೇ ಕೊಯ್ದದ್ದಾಗಿರಬೇಕು. "ಸೋಂಬೇರಿ ಕೈಗೆ ಹೂವೂ ಭಾರ" ಎಂದು ನನ್ನ ಹೊದಿಕೆ ಎಳೆಯುತ್ತಿದ್ದಳು. ಮನೆಯಲ್ಲಿ ನಾವಾಡುತ್ತಿದ್ದುದು ಕೊಂಕಣಿ. ನೆನಪಿನಲ್ಲಿ ಮಾತ್ರ ಅವಳು ಕುಂದಾಪ್ರ ಕನ್ನಡದಲ್ಲೇ ಬೈಯುತ್ತಾಳೆ. ಯಾಕೋ ಗೊತ್ತಿಲ್ಲ.

ನಾನಾಗ ನಾಲ್ಕನೇ ಕ್ಲಾಸು, ಮನೆಯಲ್ಲೇ ದೊಡ್ಡ ಸೋಮಾರಿ. ಆರನೆಯ ದಿನ ಮಳೆಯ ಸದ್ದಿಗೆ ಮತ್ತೆ ಮುದುಡಿ ಮಲಗಿ, ಹೊತ್ತಾದ ಮೇಲೆ ಎದ್ದು, ಪಕ್ಕದ ಮನೆಯ ಗಿರಿಜಕ್ಕನ ಹತ್ತಿರ ಓಡಿದೆ. ಅವರು ದೇವರ ಪೂಜೆಗೆಂದು ಬಾಳೆನಾರಿನಲ್ಲಿ ಕಟ್ಟಿಟ್ಟ ಮಾಲೆಯನ್ನೇ ಎತ್ತಿ, "ಹಬ್ಬಕ್ಕಲ್ದಾ, ತಕೋ ಮಗಾ" ಎಂದು ಕೊಟ್ಟರು. ದಾರಿಯುದ್ದಕ್ಕೂ ಹೂ ಬಿಡಿಸಿ ಬುಟ್ಟಿಗೆ ತುಂಬಿಸಿದೆ. ಇಗರ್ಜಿಯ ಮೆಟ್ಟಿಲಲ್ಲಿ ಮಾಂಯ್ ಬುಟ್ಟಿಗೆ ಕೈಹಾಕಿ, ತೊಟ್ಟಿನಲ್ಲಿ ನಾರು ಉಳಿದ ಒಂದು ಹೂವನ್ನು ಎತ್ತಿ ಹಿಡಿದಳು.

"ಗಿರ್ಜಕ್ಕ ಮರಿಯಮ್ಮಂಗೆ ಹೂ ಕೊಟ್ಟಿದ್ಲ್. ನೀ ಎಂತ ಕೊಟ್ಟೆ ಹೆಣೆ?"

ನಾನು ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದೆ. "ಹಾಕ್ ಹೋಗ್, ಇದ್ ಗಿರ್ಜಕ್ಕನ ಲೆಕ್ಕ. ಕಬ್ಬ್ ಮಾತ್ರ ನೀ ಮುಟ್ಟುದ್ ಬ್ಯಾಡ." ಆ ವರ್ಷದ ನನ್ನ ಡೈರಿಯಲ್ಲಿ ಆ ದಿನಕ್ಕೆ 'ಹೂ ತಂದೆ' ಎಂದಷ್ಟೇ ಇದೆ. ಬರೆದದ್ದೆಲ್ಲ ನಿಜವಲ್ಲ ಎಂದು ನಾನು ಕಲಿತದ್ದು ನನ್ನ ಅಕ್ಷರದಿಂದಲೇ.

ಮರುದಿನದಿಂದ ಬೆಳಕು ಹರಿಯುವ ಮೊದಲೇ ಎದ್ದು, ಗಿರಿಜಕ್ಕನ ಪೂಜೆಗೆ ಒಂದು ಬುಟ್ಟಿ ಕೊಯ್ದು ಕಟ್ಟಿಕೊಟ್ಟು, ಆಮೇಲೆ ಇಗರ್ಜಿಗೆ ಇನ್ನೊಂದು ಬುಟ್ಟಿ ತುಂಬಿಸಿದೆ. ಅದು ನನಗೇ ಹೊಳೆದದ್ದು ಎಂದು ನಂಬಲು ಆಸೆ. ಮಾಂಯ್ ಹೇಳಿದ್ದೂ ಇರಬಹುದು. ಕೆಸುವಿನ ಎಲೆಯಿಂದ ಜಾರಿದ ನೀರು ಕುತ್ತಿಗೆಯೊಳಗೆ ಇಳಿಯುತ್ತಿತ್ತು, ಕೇಪಳದ ಪೊದೆಯಲ್ಲಿ ಕೆಂಪಿರುವೆ ಕಚ್ಚುತ್ತಿತ್ತು. ಗಿರಿಜಕ್ಕ ಬೇಲಿಯಾಚೆಯಿಂದ ಮಾಂಯ್‌ಗೆ, "ಹ್ವಾಯ್ ಬಾಯಮ್ಮ, ನಿಮ್ ಹೆಣ್ಣ್ ನಮ್ಮನಿ ದೇವ್ರಿಗೂ ಮಲ್ಕಂಬುಕ್ ಬಿಡುದಿಲ್ಲೆ!" ಎಂದು ಕೂಗಿದರೆ, ಮಾಂಯ್ ಒಲೆಯ ಮುಂದೆ ನಗು ನುಂಗುತ್ತಿದ್ದಳು.

ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದವಾಗಿ ಕಬ್ಬು ಹಂಚುವಾಗ ನಾನು ಸಾಲಿನಿಂದ ಹೊರಗೆ, ಕಂಬಕ್ಕೆ ಒರಗಿ ನಿಂತಿದ್ದೆ. ಯಾರೂ ತಡೆದಿರಲಿಲ್ಲ, ತಡೆಯದಿದ್ದರೂ ಹೋಗಬಾರದೆಂದು ಗೊತ್ತಿತ್ತು. ಹೆಂಗಸರ ಕಡೆಯಿಂದ ಎದ್ದುಬಂದ ಮಾಂಯ್ ನನ್ನ ಹೆಗಲು ಹಿಡಿದು ಸಾಲಿಗೆ ದೂಡಿದಳು. ಎಲ್ಲರಿಗೂ ಕೇಳುವಂತೆ ಹಂಚುವವರಿಗೆ, "ಇವ್ಳಿಗೆ ಉದ್ದದ್ ನೋಡಿ ಕೊಡಿ. ಎಲ್ಲರದ್ ಒಂಬತ್ ಬುಟ್ಟಿ, ಇವ್ಳದ್ ಹನ್ನೊಂದ್" ಎಂದಳು. ಇಗರ್ಜಿಗೆ ಎಂಟು, ಗಿರಿಜಕ್ಕನಿಗೆ ಮೂರು. ಅವಳು ಎಣಿಸುತ್ತಿದ್ದಾಳೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಾಂಯ್ ಈಗಿಲ್ಲ, ಗಿರಿಜಕ್ಕನೂ ಇಲ್ಲ. ಅಂದು ನನಗಿಂತ ಉದ್ದದ ಕಬ್ಬನ್ನು ಹೆಗಲ ಮೇಲಿಟ್ಟುಕೊಂಡು ಗದ್ದೆಯಂಚಿನಲ್ಲಿ ಮನೆಗೆ ನಡೆದೆವು. ಯಾವಾಗಲೂ ಮುಂದೆ ನಡೆಯುವ ಮಾಂಯ್ ಅಂದು ನನ್ನನ್ನು ಮುಂದೆ ಬಿಟ್ಟು ಹಿಂದೆ ಬಂದಳು. ಅವಳ ಮುಖ ನನಗೆ ಕಂಡಿರಲು ಸಾಧ್ಯವೇ ಇಲ್ಲ. ಆದರೂ ಆ ಮುಖದಲ್ಲಿದ್ದ ಹೆಮ್ಮೆ ನನಗೆ ಸ್ಪಷ್ಟವಾಗಿ ನೆನಪಿದೆ. ಇದೊಂದನ್ನು ನಾನು ತಿದ್ದಲಾರೆ.