ಮೂವತ್ತೆಂಟು ಇಂಚಿನ ಸೊಂಟ

ಆ ಬೀದಿಯಲ್ಲಿ ಕಣ್ಣಳತೆ ಟೇಲರ್ ಎಂದರೆ ಗೊತ್ತಿಲ್ಲದವರಿರಲಿಲ್ಲ. ನಲವತ್ತು ವರ್ಷದಿಂದ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಓಡಾಡಿದವನು, ಅದನ್ನು ಒಬ್ಬರ ಮೈಗೂ ಸುತ್ತಿದವನಲ್ಲ. ಪಟ್ಟಿ ಏನಿದ್ದರೂ ಬಟ್ಟೆಗೆ. ಮೈಗೆ ಕಣ್ಣು ಸಾಕು. ಗಿರಾಕಿ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಿವಿಯ ಮೇಲಿನ ಪೆನ್ಸಿಲ್ ಕೈಗೆ ಬಂದು, ಎದೆ, ಸೊಂಟ, ತೋಳು, ಹೆಗಲು ಎಲ್ಲ ಚೀಟಿಗೆ ಇಳಿದುಬಿಡುತ್ತಿದ್ದವು. ಹೊಲಿದ ಬಟ್ಟೆ ಮೈಗೆ ಅಂಟಿಸಿದ ಹಾಗೆ ಕೂರುತ್ತಿತ್ತು.

ಯಾರೂ ಕಲಿಸಿದ ವಿದ್ಯೆಯಲ್ಲ. ಗುಂಡಿ ಕಾಜಾ ಹೊಲಿಯುತ್ತಿದ್ದ ಕಾಲದಲ್ಲಿ ಅವನ ಯಜಮಾನ ಅಳತೆಪಟ್ಟಿ ಮುಟ್ಟಲು ಬಿಡುತ್ತಿರಲಿಲ್ಲ. ಬಿಡದಿದ್ದರೆ ಹೋಗಲಿ ಎಂದು ಇವನು ಮೂಲೆಯಲ್ಲಿ ಕೂತು, ಬಂದವರನ್ನೆಲ್ಲ ಕಣ್ಣಲ್ಲೇ ಅಳೆದು, ಯಜಮಾನ ಕೂಗಿ ಹೇಳುವ ಅಂಕೆಗೆ ತಾಳೆ ನೋಡಿಕೊಂಡ. ಮೂರು ವರ್ಷಕ್ಕೆ ತಾಳೆ ತಪ್ಪುವುದೇ ನಿಂತುಹೋಯಿತು.

ಹೆಂಡತಿಯೂ ಗಿರಾಕಿಯಾಗಿ ಬಂದವಳೇ. "ಚೀಟಿಯಲ್ಲಿ ಬರೆದ ಅಂಕೆ ಮರೆಯೋಕಾಗದೆ ಕಟ್ಟಿಕೊಂಡ ಕಣ್ರೀ ಇವನು" ಎಂದು ಪಕ್ಕದ ಅಂಗಡಿಯ ಇಸ್ತ್ರಿಯವನು ಇವತ್ತಿಗೂ ಆಡಿಕೊಳ್ಳುತ್ತಿದ್ದ. ಟೇಲರಿಗೆ ಅದರಲ್ಲಿ ನಾಚಿಕೆಯೇನಿಲ್ಲ. ತೆಳ್ಳಗಿನವರು ಯಾರೇ ಬರಲಿ, ಅವನ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತಿತ್ತು: "ಕಡ್ಡಿ ಮೈಗೆ ಹೊಲಿಯೋದೂ ಒಂದೇ, ಗೂಟಕ್ಕೆ ಗೋಣಿಚೀಲ ತೊಡಿಸೋದೂ ಒಂದೇ. ಮೈಕೈ ತುಂಬಿಕೊಂಡಿರಬೇಕು ನೋಡಿ, ಆಗ ಕತ್ತರಿಗೂ ಖುಷಿ, ಕಣ್ಣಿಗೂ ಖುಷಿ. ನಮ್ಮನೆಯವಳದು ಮೂವತ್ತೆಂಟು ಸೊಂಟ. ಇಪ್ಪತ್ತು ವರ್ಷದಿಂದ ಒಂದಿಂಚು ಅತ್ತಿತ್ತ ಆಗಿಲ್ಲ!" ಗಿರಾಕಿಗಳು ನಗುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ; ನಡುವೆ ಒಂದು ಹಲಗೆಯ ಗೋಡೆ.

ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಆಸ್ಪತ್ರೆಯಲ್ಲಿ ಹದಿನೈದು ದಿನ ಕತ್ತಿನವರೆಗೆ ಕಂಬಳಿ ಹೊದ್ದು ಮಲಗಿದ್ದಳು. ಅಲ್ಲಿಂದ ಆರೈಕೆಗೆಂದು ನೇರವಾಗಿ ಅಕ್ಕನ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದಳು. ನಡುವೆ ಒಂದು ಸಲ ಹೇಳಿಕಳಿಸಿದ್ದಳು: "ಹೊತ್ತು ಹೋಗಲ್ಲ, ಅಂಗಡೀಲಿ ಬಿದ್ದಿರೋ ಚೂರುಬಟ್ಟೆ ಕಳಿಸಿ, ಕಾಲೊರಸು ಹೊಲಿತೀನಿ." ಟೇಲರ್ ಒಂದು ಮೂಟೆಯನ್ನೇ ಕಟ್ಟಿ ಕಳಿಸಿದ. ಅವಳು ವಾಪಸು ಬಂದು ಬಾಗಿಲಲ್ಲಿ ನಿಂತಾಗ ನೋಡಿದರೆ, ಅದೇ ಮೂವತ್ತೆಂಟು! "ಅಕ್ಕನ ಕೈ ಅಡುಗೆ ಹಿಡಿಸಿದೆ" ಎಂದು ಬೀಗಿದ. ಕೆನ್ನೆ ಮಾತ್ರ ಇಳಿದಿತ್ತು. "ದವಡೆ ಹಲ್ಲು ಕೀಳಿಸಿದೆ ರೀ" ಎಂದಳು, ಇವನು ಹೂಂ ಎಂದ. ಚಳಿ ತಡೆಯಲ್ಲ, ಇನ್ನು ಮೇಲೆ ಉದ್ದ ತೋಳಿನ ಗೌನೇ ಹೊಲಿಯಿರಿ ಎಂದಳು, ಹೊಲಿದುಕೊಟ್ಟ. ಹೊಟ್ಟೆಯ ಹೊಲಿಗೆ ಎಳೆಯುತ್ತೆ ಎಂದು ಒಳಗಿನ ಚಿಕ್ಕ ಕೋಣೆಯಲ್ಲಿ ಬೇರೆ ಮಂಚ ಹಾಕಿಕೊಂಡಳು. ಹೊಲಿಗೆಯ ಬೆಲೆ ಬಲ್ಲವನು, ಅದಕ್ಕೂ ಸರಿ ಎಂದ. ಕಾಲೊರಸು ಎಲ್ಲಿ ಎಂದು ಕೇಳಲೇ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಸೆಕೆಗೆ ರಸ್ತೆಯ ಡಾಂಬರು ಮೆತ್ತಗಾಗಿದ್ದ ಹೊತ್ತಿನಲ್ಲಿ, ಶಾಲೆಗೆ ಹೊಸದಾಗಿ ಬಂದ ಟೀಚರು ಬಟ್ಟೆ ಹೊಲಿಸಲು ಬಂದರು. ತೆಳ್ಳಗೆ, ಉದ್ದಕ್ಕೆ ಇದ್ದರು. ಟೇಲರ್ ಅಭ್ಯಾಸಬಲದಿಂದ ಗೂಟದ ಮಾತು ಆಡಿಯೇಬಿಟ್ಟ. ಇಸ್ತ್ರಿ ಹಾಕಿದ ಬಟ್ಟೆ ಕೊಡಲು ಬಂದಿದ್ದ ಪಕ್ಕದವನು ಗೊಳ್ಳೆಂದು ನಕ್ಕ. ಟೀಚರು ನಗಲಿಲ್ಲ.

"ಗೂಟದ ಸೊಂಟ ಎಷ್ಟು ಅಂತ ಬರೆದ್ರಿ?"

"ಇಪ್ಪತ್ತಾರು, ಟೀಚರಮ್ಮ."

ಟೀಚರು ಅವನ ಕೊರಳಿನಿಂದಲೇ ಪಟ್ಟಿ ಎಳೆದುಕೊಂಡು ತಮಗೆ ತಾವೇ ಸುತ್ತಿಕೊಂಡರು. ಇಪ್ಪತ್ತಾರೇ. ಸೋಲಲು ಅವರಿಗೂ ಮನಸ್ಸಿಲ್ಲ.

"ಗೂಟದ ಅಳತೆ ಯಾರು ಬೇಕಾದ್ರೂ ಹೇಳ್ತಾರೆ. ಮೈಕೈ ತುಂಬಿಕೊಂಡೋರದು ಹೇಳಿ ನೋಡೋಣ."

"ಅದಕ್ಕೇನಂತೆ!" ಎಂದವನೇ ಹಲಗೆ ಗೋಡೆಗೆ ಎರಡು ಗುದ್ದು ಗುದ್ದಿದ. "ಏ, ಬಾರೇ ಇಲ್ಲಿ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ತಿಳಿಯುತ್ತಲೇ ಮುಖ ಬಿಳಚಿಕೊಂಡಿತು.

"ಬೇಡ ರೀ, ಒಲೆ ಮೇಲೆ ಹಾಲಿದೆ."

"ಹಾಲು ಉಕ್ಕಿದ್ರೆ ಉಕ್ಕಲಿ, ನನ್ನ ಮರ್ಯಾದೆ ಪ್ರಶ್ನೆ ಕಣೇ."

"ಬೀದೀಲಿರೋ ಬೇರೆ ಯಾರನ್ನಾದ್ರೂ ಕರೀರಿ."

"ಹೆದರ್ತಾಳೆ ನೋಡು, ಅಳತೆ ಅಂದ್ರೆ ಸೂಜಿಮದ್ದು ಅಂದ್ಕೊಂಡಿದ್ದಾಳೆ" ಎಂದ ಇಸ್ತ್ರಿಯವನು.

ಅವಳು ಗಂಡನ ಮುಖವನ್ನೇ ನೋಡಿದಳು. ಅವನು ಟೀಚರ ಕಡೆ ನೋಡುತ್ತಿದ್ದ. ಅವಳು ನಿಂತಳು. ಟೀಚರು ಪಟ್ಟಿ ಸುತ್ತಿದರು.

"ಮೂವತ್ತೆಂಟು. ಸರಿ, ಒಪ್ಪಿದೆ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಗೆದ್ದವನಿಗೆ ಕೊಬ್ಬು. "ಸಡಿಲ ಹಿಡಿದಿದ್ದೀರಿ ಟೀಚರಮ್ಮ, ಆಮೇಲೆ ಮೋಸ ಅನ್ನಬಾರದು. ಬಿಗಿಯಾಗಿ ಎಳೀರಿ" ಎಂದ.

ಟೀಚರು ಎಳೆದರು. ಪಟ್ಟಿ ಒಳಗೆ ಹೋಯಿತು. ಮೂವತ್ತಾರು. ಇನ್ನೂ ಹೋಯಿತು. ಮೂವತ್ತನಾಲ್ಕು. ಟೀಚರ ಹುಬ್ಬು ಗಂಟಾಯಿತು; ಏನೆಂದು ತಿಳಿಯದೆ ಇನ್ನೊಂದಿಷ್ಟು ಎಳೆದರು. ಮೂವತ್ತೊಂದು. ತುಂಬು ಸೊಂಟವೊಂದು ಟೇಲರನ ಕಣ್ಣೆದುರೇ ದಿಂಬಿನ ಹಾಗೆ ಕುಗ್ಗುತ್ತಿತ್ತು. ಆಗ ಒಳಗೆಲ್ಲೋ ದಾರ ಪಟಪಟನೆ ಕಿತ್ತುಹೋದ ಸದ್ದಾಯಿತು. ಆ ಸದ್ದು ಅವನಿಗೆ ಗೊತ್ತಿಲ್ಲದ್ದೇ? ಗೌನಿನ ಅಂಚಿನ ಕೆಳಗಿನಿಂದ ಬಣ್ಣಬಣ್ಣದ ದಪ್ಪನೆಯದೊಂದು ಜಾರಿ ಅವಳ ಪಾದದ ಮೇಲೆ ಬಿತ್ತು.

ಮೂಲೆಯ ಫ್ಯಾನು ಕತ್ತು ತಿರುಗಿಸಿ ಇವರ ಕಡೆ ಗಾಳಿ ಹಾಕಿತು. ಗೌನು ಅವಳ ಮೈಮೇಲೆ ಪಟಪಟ ಬಡಿದುಕೊಂಡಿತು, ಒಳಗೆ ಯಾರೂ ಇಲ್ಲವೇನೋ ಎಂಬಂತೆ.

ಟೀಚರು ಪಟ್ಟಿಯನ್ನು ಮೇಜಿನ ಮೇಲಿಟ್ಟು, "ತಪ್ಪಾಯ್ತು ತಾಯಿ" ಎಂದು ಅವಳಿಗೊಬ್ಬಳಿಗೇ ಹೇಳಿ ಹೊರಟುಹೋದರು. ಇಸ್ತ್ರಿಯವನು, "ಕೆಂಡ ಆರಿಹೋಗುತ್ತೆ" ಎಂದು ಗೊಣಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಟೇಲರ್ ಕೂತಲ್ಲೇ ಬಗ್ಗಿ ಅದನ್ನು ಎತ್ತಿಕೊಂಡ. ಚೂರುಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಒಳಕವಚ. ಇನ್ನೂ ಬೆಚ್ಚಗಿತ್ತು. ಬೆನ್ನಿಗೆ ತೆಳುವು, ಪಕ್ಕಕ್ಕೆ ದಪ್ಪ, ಹೊಟ್ಟೆಗೆ ಹದವಾಗಿ ಉಬ್ಬು. ಮಿಶಿನ್ನಿನ ಹೊಲಿಗೆಯಲ್ಲ; ಪೂರ್ತಿ ಕೈಯಲ್ಲೇ ಹೊಲಿದದ್ದು. ಇಂಥ ಕೈಹೊಲಿಗೆ ಅವನ ಯಜಮಾನನಿಗೂ ಬರುತ್ತಿರಲಿಲ್ಲ. ಒಂದೊಂದು ಚೂರೂ ಅವನೇ ಕತ್ತರಿಸಿ ಎಸೆದದ್ದು. ನಲವತ್ತು ವರ್ಷದ ಕಣ್ಣು ಮೋಸಹೋದದ್ದು ತನ್ನ ಅಂಗಡಿಯ ಕಸಕ್ಕೆ!

"ಯಾವತ್ತಿಂದ?"

"ಅಕ್ಕನ ಮನೆಯಿಂದ ಬಂದ ದಿನದಿಂದ."

"ಎರಡು ವರ್ಷ! ಈ ಸೆಕೇಲಿ! ಯಾಕೇ?"

"ಗೂಟಕ್ಕೆ ಚೀಲ ತೊಡಿಸೋ ಕಷ್ಟ ನಿಮಗೆ ಬೇಡ ಅಂತ."

"ಅದು ಗಿರಾಕಿಗಳನ್ನ ನಗಿಸೋಕೆ ಆಡೋ ಮಾತಲ್ವೇನೇ!"

"ಗಿರಾಕಿಗಳು ಒಂದು ಸಲ ಕೇಳಿ ಮನೆಗೆ ಹೋಗ್ತಾರೆ. ಹಲಗೆ ಆಚೆ ನಾನು ದಿನಕ್ಕೆ ಹತ್ತು ಸಲ ಕೇಳ್ತೀನಿ. ಆಸ್ಪತ್ರೇಲಿ ಕನ್ನಡಿ ನೋಡ್ಕೊಂಡೆ. ನೀವು ಮದುವೆ ಆದೋಳು ಇವಳಲ್ಲ ಅನ್ನಿಸ್ತು." ಅವಳ ದನಿಯಲ್ಲಿ ಅಳುವಿರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು. "ನೀವು ಒಂದೇ ಒಂದು ಸಲ ಮುಟ್ಟಿದ್ರೆ ಗೊತ್ತಾಗಿಬಿಡ್ತಿತ್ತು. ದಿನಾ ಭಯ ಇತ್ತು. ದಿನಾ ಕಾದೆ, ಅದೂ ನಿಜ."

ಎರಡು ವರ್ಷದಲ್ಲಿ ಅವಳ ಹೆಗಲ ಮೇಲೆ ಒಮ್ಮೆಯೂ ಕೈಯಿಟ್ಟಿರಲಿಲ್ಲವೇ? ಟೇಲರ್ ನೆನಪನ್ನು ಎಷ್ಟು ಕೆದಕಿದರೂ ಬರೀ ನೋಡಿದ್ದೇ ಸಿಕ್ಕಿತು.

"ಬರೀರಿ ಚೀಟೀಲಿ" ಎಂದಳು. "ಈಗ ಎಷ್ಟು?"

ಅವನು ಪೆನ್ಸಿಲ್ ತೆಗೆದುಕೊಂಡು ಕಣ್ಣೆತ್ತಿದ. ಕತ್ತಿನ ಬುಡದಲ್ಲಿ ಎದ್ದ ಎಲುಬು ಕಂಡಿತು. ಕೊರಳಪಟ್ಟಿ ಜಾರಿದಲ್ಲಿ ಬೆವರುಸಾಲೆ ಕೆಂಪಗೆ ಬೊಬ್ಬೆ ಎದ್ದಿರುವುದು ಕಂಡಿತು. ಕಣ್ಣು ಎಲ್ಲವನ್ನೂ ನೋಡಿತು, ಅಂಕೆಯೊಂದೂ ಹೇಳಲಿಲ್ಲ.

"ಗೊತ್ತಾಗ್ತಿಲ್ಲ ಕಣೇ."

"ಹಾಗಾದ್ರೆ ಪಟ್ಟಿ ಹಿಡೀರಿ."

ಅವಳು ಕೈಗಳನ್ನು ಎತ್ತಿ ನಿಂತಳು. ಅವನು ಎದ್ದು ಬಂದು ಪಟ್ಟಿ ಸುತ್ತಿದ. ಬೆನ್ನ ಹಿಂದೆ ಅವನ ಎರಡು ಕೈಗಳೂ ಅಂದುಕೊಂಡದ್ದಕ್ಕಿಂತ ಬೇಗ ಒಂದಕ್ಕೊಂದು ತಾಗಿದವು. ಪಟ್ಟಿಯ ತುದಿಯನ್ನು ಮುಂದಕ್ಕೆ ತಂದು ಹಿಡಿದ. ಇಪ್ಪತ್ತೊಂಬತ್ತು. ಅವಳೇ ಬಗ್ಗಿ ನೋಡಿಕೊಂಡಳು.

"ನಾಳೆಗೆ ಹೊಸದು ಹೊಲಿತೀನಿ" ಎಂದ, ಯಾರದೋ ದನಿಯಲ್ಲಿ.

"ತೋಳು ಗಿಡ್ಡ ಇರಲಿ" ಎಂದಳು. "ಸೆಕೆ."

ಒಳಗಿನಿಂದ ಸೀದ ಹಾಲಿನ ವಾಸನೆ ಬರುತ್ತಿತ್ತು. ಅವನು ಪಟ್ಟಿ ಬಿಡಲಿಲ್ಲ. ಅವಳೂ ಒಲೆಯ ಕಡೆ ಹೋಗಲಿಲ್ಲ.