ಭೀಮಬಾಯಿಯ ಮೇ ಒಂದನೇ ತಾರೀಕು

ಭೀಮಬಾಯಿ ಸ್ವಾರ್ಥಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಭಾಲ್ಕಿಯಲ್ಲಿ ಈಗ ಅವಳ ಹೆಸರೆತ್ತಿದರೆ ಜನ ಕೈಮುಗಿಯುವುದೊಂದು ಬಾಕಿ. ತನಗೆ ಲಾಭವಿಲ್ಲದ ಕಡೆ ಅವಳು ಕೂತಲ್ಲಿಂದ ಏಳುವವಳಲ್ಲ. ಮೆಹಕರದ ಅವಳ ಮನೆಯಿಂದ ನೆರೆಯವರು ಮಜ್ಜಿಗೆ ಒಯ್ದರೆ, ತಂಬಿಗೆ ಬರಿದೇ ವಾಪಸ್ಸು ಬರಬಾರದೆಂದು ಹೊಸ್ತಿಲಲ್ಲೇ ಹೇಳಿ ಕಳಿಸುತ್ತಾಳೆ.

ಅವಳ ಕೆಲಸ ಭಾಲ್ಕಿಯ ಹೊರಗಿನ ಒಂದು ಬೇಳೆ ಮಿಲ್ಲಿನಲ್ಲಿ. ತೊಗರಿ ಒಡೆಯಲು ಅಲ್ಲಿ ಯಂತ್ರವಿದೆ, ಬಣ್ಣ ನೋಡಿ ಆರಿಸಲೂ ಯಂತ್ರವಿದೆ. ಆದರೂ ಕೊನೆಯ ಹಸನು ಹೆಂಗಸರ ಮೊರದಲ್ಲೇ ಆಗಬೇಕು. ಮೊರ ಮಿಲ್ಲಿನದಲ್ಲ, ಅವರವರದು. ಬೆಳಿಗ್ಗೆ ಮನೆಯಿಂದ ತಂದು ಸಂಜೆ ಒಯ್ಯುತ್ತಾರೆ. ಆ ಹೆಂಗಸರಿಗೆಲ್ಲ ಭೀಮಬಾಯಿ ಮುಕಾದಮಳು, ಅಂದರೆ ಮೇಲ್ವಿಚಾರಕಿ. ತಡವಾಗಿ ಬಂದವಳನ್ನು ಧೂಳು ಹಾರುವ ಮೂಲೆಯಲ್ಲಿ ಕೂರಿಸುತ್ತಾಳೆ. ಬಸುರಿಯನ್ನೂ ಬಿಟ್ಟಿಲ್ಲ.

ಹೋದ ವರ್ಷ ಬೇಸಿಗೆಯ ಆರಂಭದಲ್ಲಿ ಅವಳು ಬೀದರಿನ ನನ್ನ ಮನೆಗೆ ಬಂದಳು. ಕರೆತಂದವಳು ಅದೇ ಮಿಲ್ಲಿನ ಹಮೀದುನ್ನಿಸಾ. ಅವಳ ಮಗಳು ಜೇಬಾ ಕಾಲೇಜಿನಲ್ಲಿ ನನ್ನ ಬಳಿ ಇತಿಹಾಸ ಓದಿದ್ದಳು.

"ಬಾಯಾರ, ಮೇ ಒಂದು ಯಾರ ಹಬ್ಬ ಅದರಿ?" ಎಂದು ಭೀಮಬಾಯಿ ಕೂರುವ ಮುಂಚೆಯೇ ಕೇಳಿದಳು.

ಪ್ರಶ್ನೆಗೆ ಕಾರಣವಿತ್ತು. ಗಡಿಯಾಚೆ ಅದು ಮಹಾರಾಷ್ಟ್ರ ದಿನ. ಇಲ್ಲಿಯ ಅರ್ಧ ಸೊಸೆಯಂದಿರ ತವರು ಆ ಕಡೆಯದು. ಅಲ್ಲಿಯ ಶಾಲೆಗಳಲ್ಲಿ ಅಂದು ಬಾವುಟ ಏರುವುದನ್ನು ನೋಡಿಯೇ ಬೆಳೆದವರು. ಹೀಗಾಗಿ ಆ ರಜೆ ಮರಾಠಿ ಸೀಮೆಯದು, ನಮ್ಮದು ನವೆಂಬರ್ ಒಂದು ಎಂದು ಮಿಲ್ಲಿನ ಹೆಂಗಸರೆಲ್ಲ ನಂಬಿದ್ದರು. ಮಾಲೀಕ ಭಾಲಚಂದ್ರ ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ಹೋಗಿರಲಿಲ್ಲ.

ನಾನು ಪಾಠ ಮಾಡಿದೆ. ೧೮೮೬ರ ಮೇ ಒಂದರಂದು ಅಮೆರಿಕದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ದುಡಿಯುತ್ತೇವೆಂದು ಕೆಲಸ ನಿಲ್ಲಿಸಿದ್ದು, ಶಿಕಾಗೊದಲ್ಲಿ ಬಾಂಬು ಸಿಡಿದದ್ದು, ಎಸೆದವರಾರೆಂದು ತಿಳಿಯದೆಯೇ ನಾಲ್ವರನ್ನು ಗಲ್ಲಿಗೇರಿಸಿದ್ದು, ೧೮೮೯ರಲ್ಲಿ ಪ್ಯಾರಿಸ್ಸಿನ ಸಭೆ ಆ ತಾರೀಕನ್ನು ಜಗತ್ತಿನ ಕಾರ್ಮಿಕರದಾಗಿಸಿದ್ದು, ೧೯೨೩ರಲ್ಲಿ ಮದರಾಸಿನ ಸಮುದ್ರದಂಡೆಯಲ್ಲಿ ನಮ್ಮ ದೇಶದ ಮೊದಲ ಮೇ ದಿನ ನಡೆದದ್ದು. ಮಹಾರಾಷ್ಟ್ರ ಹುಟ್ಟಿದ್ದು ಅದಕ್ಕೂ ಎಷ್ಟೋ ವರ್ಷ ಆಮೇಲೆ.

ಹಮೀದುನ್ನಿಸಾ ಕಣ್ಣೊರೆಸಿಕೊಂಡಳು. ಭೀಮಬಾಯಿ ಆಕಳಿಸಿದಳು.

"ಸತ್ತವರ ಸುದ್ದಿ ಸಾಕ್ರಿ ಬಾಯಾರ. ಅವತ್ತು ಮನ್ಯಾಗ ಕುಂತ್ರ ಪಗಾರ ಬರ್ತದೋ ಇಲ್ಲೋ, ಅದಷ್ಟು ಹೇಳ್ರಿ."

ಬರುತ್ತದೆ, ನಮ್ಮ ರಾಜ್ಯದಲ್ಲಿ ಅದು ಕಾನೂನು ಎಂದೆ.

"ಹಾಂಗಂದ್ರ ಇಷ್ಟು ವರ್ಷ ನನ್ನ ಪಗಾರ ತಿಂದಾನ ಅವ!" ಎಂದು ಎದ್ದಳು. ನನ್ನ ಪಗಾರ ಎಂದಳು, ನಮ್ಮ ಎನ್ನಲಿಲ್ಲ. ನಾನು ಗಮನಿಸಿದೆ.

ಭಾಲಚಂದ್ರನಿಗೂ ಅವಳು ಅಷ್ಟೇ ನೇರವಾಗಿ ಹೇಳಿದಳು. ಅವನೂ ನೇರವಾಗಿಯೇ ಉತ್ತರಿಸಿದ: ಮೇ ಒಂದಕ್ಕೆ ಮಿಲ್ಲು ನಡೆಯುತ್ತದೆ, ಹೆಂಗಸರ ಸಾಲು ಕೆಲಸಕ್ಕೆ ಕೂರದಿದ್ದರೆ ಮರುದಿನ ಮುಕಾದಮಳು ಬೇರೆಯವಳು. ವಯಸ್ಸಾದ ಹೆಂಗಸಿಗೆ ಭಾಲ್ಕಿಯ ಬೇರಾವ ಮಿಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ.

ಮೇ ಒಂದರ ಬೆಳಿಗ್ಗೆ ನಡೆದದ್ದನ್ನು ಜೇಬಾ ಫೋನಿನಲ್ಲಿ ಹಿಡಿದಿದ್ದಾಳೆ, ನಾನು ನೋಡಿದ್ದೇನೆ. ಹೆಂಗಸರು ಎಂದಿನಂತೆ ಮೊರ ಹಿಡಿದು ಬರುತ್ತಾರೆ, ಗೇಟಿನ ಬಳಿ ನಿಲ್ಲುತ್ತಾರೆ. ಕಾವಲುಗಾರ ಏಜಾಜ ನಗುತ್ತಾನೆ.

"ಏನ್ ಭೀಮಕ್ಕಾ, ಒಳಗ ಬರ್ತಿ ಏನು, ಇಲ್ಲೇ ದುಕಾನ ಇಡ್ತಿ?"

"ದುಕಾನ ಬಂದ್ ಮಾಡ್ಲಿಕ್ಕೇ ಬಂದೀನಿ, ನೋಡು," ಎಂದು ಅವಳು ತನ್ನ ಮೊರವನ್ನು ಗೇಟಿನ ನಡುವೆ ಬೋರಲು ಹಾಕುತ್ತಾಳೆ.

ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಕಾಳಿರುವ ಕಡೆ ಯಾರೂ ಮೊರ ಬೋರಲು ಇಡುವುದಿಲ್ಲ. ಅಲ್ಲಿಯ ಧಾನ್ಯ ತೀರಿತೆಂದು ಅದರರ್ಥ. ಬೋರಲು ಮೊರವನ್ನು ದಾಟುವುದು ಇನ್ನೂ ಕೆಟ್ಟದ್ದು. ಹೆಂಗಸರು ಒಂದು ಕ್ಷಣ ಹೆದರಿ ನಿಲ್ಲುತ್ತಾರೆ. ಆಮೇಲೆ ಹಮೀದುನ್ನಿಸಾ ತನ್ನದನ್ನು ಹಾಕುತ್ತಾಳೆ, ಆಮೇಲೆ ಎಲ್ಲರೂ. ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಮೊರಗಳ ಬೆನ್ನು.

ತೊಗರಿ ತುಂಬಿದ ಲಾರಿ ಬಂದು ನಿಲ್ಲುತ್ತದೆ. ಚಾಲಕ ನರಸಿಂಗ ಔರಾದಿನವನು. ಇಳಿದು ನೋಡಿ ಹಿಂದೆ ಸರಿಯುತ್ತಾನೆ.

"ನಡೀಲಿ, ನಡೀಲಿ, ಒಳಗ ತಗೋ!" ಎಂದು ಭಾಲಚಂದ್ರ ಕೂಗುತ್ತಾನೆ.

"ನನಗ ಮಕ್ಕಳುಮರಿ ಅವರಿ ಮಾಲಕರ. ಮೊದಲ ನೀವೇ ದಾಟ್ರಿ, ಹಿಂದ ನಾ ಬರ್ತೇನಿ."

ಭಾಲಚಂದ್ರ ದಾಟಲಿಲ್ಲ. ಓದಿದವನು, ಪುಣೆಯಲ್ಲಿ ಪದವಿ ಪಡೆದವನು; ಕಾಲೆತ್ತಿದ, ಮತ್ತೆ ಅಲ್ಲೇ ಇಟ್ಟ.

"ಭೀಮಬಾಯಿ, ಇದು ಆ ಕಡೀ ಮಂದೀ ಹಬ್ಬ. ಉದಗೀರದಾಗ ನಮ್ಮ ಮಾವ ಝೆಂಡಾ ಹಾರಸ್ಲಿಕ್ಕೆ ಹೋಗ್ಯಾರ."

"ಹಾರಸ್ಲಿ ಬಿಡ್ರಿ! ಒಂದ ದಿನದಾಗ ಎರಡು ಹಬ್ಬ ಹಿಡಸ್ತಾವರಿ. ಅವರಿಗೆ ಝೆಂಡಾ, ನಮಗ ರಜಾ."

ಲಾರಿಯ ಹಮಾಲರು ನಕ್ಕರು. ಮಾಲೀಕನಿಗೂ ನಗು ತಡೆಯಲಾಗಲಿಲ್ಲ, ಅಲ್ಲಿಗೆ ಅವನು ಸೋತ. ಸಂಬಳಸಹಿತ ರಜೆ, ಪ್ರತಿ ವರ್ಷ, ಮುಕಾದಮಳು ಇವಳೇ ಎಂದು ಎಲ್ಲರೆದುರು ಹೇಳಿದ. ಹೆಂಗಸರು ಮೊರಗಳನ್ನೆತ್ತಿ ತಮಟೆಯಂತೆ ಬಡಿಯುತ್ತ ಭಾಲ್ಕಿಯ ಬಸ್ ನಿಲ್ದಾಣದವರೆಗೆ ನಡೆದರು. ಹೋಟೆಲಿನವರು ಹೊರಗೆ ಬಂದು ನೋಡಿದರು. ಮಳೆಗಾಲ ಮುಗಿಯುವುದರೊಳಗೆ ಬೀದರ, ಔರಾದಿನ ಮಿಲ್ಲುಗಳ ಹೆಂಗಸರೂ ಅದೇ ರಜೆ ಕೇಳಿ ಪಡೆದರು. ಅಲ್ಲಿ ಮೊರ ಬೋರಲು ಹಾಕುವ ಅಗತ್ಯವೂ ಬೀಳಲಿಲ್ಲ. ಕೈಯಲ್ಲಿ ಹಿಡಿದು ನಿಂತರೆ ಸಾಕಾಯಿತು.

ಈ ವರ್ಷ ಔರಾದಿನವರು ಮೇ ಒಂದಕ್ಕೆ ಸಭೆ ಮಾಡಿದರು. ಇತಿಹಾಸ ಹೇಳಲು ನನ್ನನ್ನು ಕರೆದರು, ಶಾಲು ಹೊದಿಸಿ ಸನ್ಮಾನಿಸಲು ಭೀಮಬಾಯಿಯನ್ನು. ಅವಳು ಬರಲಿಲ್ಲ. ಕೆಲಸವಿದೆಯಂತೆ, ಅಷ್ಟೇ ಹೇಳಿ ಕಳಿಸಿದ್ದಳು. ಭಾಷಣಕ್ಕೆ ಪಗಾರವಿಲ್ಲವಲ್ಲ ಎಂದುಕೊಂಡೆ. ಶಾಲನ್ನು ನನ್ನ ಕೈಗೇ ಕೊಟ್ಟರು. ಎರಡು ಮಾತು ಆಡಿಯೇ ಕೊಡಬೇಕೆಂದು ಮಧ್ಯಾಹ್ನ ಭಾಲ್ಕಿಯ ಹಾದಿ ಹಿಡಿದೆ.

ಮೆಹಕರದವರೆಗೆ ಹೋಗಬೇಕಾಗಲಿಲ್ಲ. ಮುಚ್ಚಿದ ಮಿಲ್ಲಿನ ಗೇಟಿನಲ್ಲಿ, ಕಾವಲುಗಾರನ ಸ್ಟೂಲಿನ ಮೇಲೆ, ಅವನ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಭೀಮಬಾಯಿ ಕೂತಿದ್ದಳು.

"ಏಜಾಜ ಎಲ್ಲಿ?" ಎಂದೆ.

"ಮನಿಗಿ ಕಳಿಸೀನ್ರಿ. ಗೇಟ್ ಕಾಯಾವಗ ರಜಾ ಇಲ್ಲಂತ, ಮಾಲಕರ ಮಾತು."

"ಏಜಾಜ ನಿನಗೇನು ಕೊಟ್ಟ?"

"ಅವ ಏನ್ ಕೊಡ್ತಾನ್ರಿ? ಮನ್ಯಾಗ ಭಾಳ ಸೆಖಿ, ಅದಕ್ಕ ಇಲ್ಲಿ ಗಾಳಿಗೆ ಕುಂತೀನಿ."

ಅವಳ ತಲೆಯ ಮೇಲೆ ಬಿಸಿಲಿಗೆ ಕಾದ ಒಂದು ತಗಡು. ಸುತ್ತ ಎಲ್ಲೂ ಒಂದು ಎಲೆ ಅಲುಗುತ್ತಿರಲಿಲ್ಲ.