ಮಹಡಿ ಕೋಣೆಯ ಷರತ್ತು

ಅವ್ವನ ಕಿಡ್ನಿ ಕೈಕೊಟ್ಟ ಮೇಲೆ ಆಕೆಯನ್ನು ಡಯಾಲಿಸಿಸ್‌ಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಕರೆತರುವುದು ಆಗದ ಮಾತಾಯಿತು. ಊರಿನ ಬಾಡಿಗೆ ಮನೆ ಬಿಟ್ಟುಕೊಟ್ಟೆವು. ನಾನು ದಿನಾ ಬಳ್ಳಾರಿಗೆ ಹೋಗಿಬಂದು ಜೀನ್ಸ್ ಹೊಲಿಯುತ್ತಿದ್ದೆ. ಆಸ್ಪತ್ರೆಯ ಸುತ್ತ ಕೇಳಿದ ಬಹಳಷ್ಟು ಕಡೆ ಮುಂಗಡಕ್ಕೆ ನನ್ನ ಉಳಿತಾಯ ಸಾಲಲಿಲ್ಲ. ಸಾಲಿದ ಕಡೆ ಅವ್ವನ ಊದಿದ ಮುಖ ನೋಡಿ ಬಾಗಿಲು ಹಾಕಿಕೊಂಡರು.

ಕೊನೆಗೆ ಕೌಲ್ ಬಜಾರಿನ ಸಂದಿಯೊಂದರಲ್ಲಿ ಮಹಡಿಯ ಕೋಣೆ ಸಿಕ್ಕಿತು. ಮನೆಯೊಡತಿ ಕೆಳಗೇ ಇದ್ದಳು.

"ಮುಂಗಡ ಕಡಿಮಿ ಕೊಟ್ರೂ ನಡಿತೈತಿ," ಎಂದಳು. "ಆದ್ರ ಈಕಿಗೆ ಏನರ ಆದ್ರ ನನ್ನ ಮನ್ಯಾಗ ಆಗಬಾರ್ದು. ಆ ಹೊತ್ತಿನ ನಕ್ಷತ್ರ ಕೆಟ್ಟದಿದ್ರ ಆರು ತಿಂಗಳು ಮನಿ ಬಾಗಿಲು ಹಾಕಬೇಕು. ಬಾಡಿಗಿ ಯಾರು ಕೊಡ್ತಾರ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಅಷ್ಟ ಅಲ್ಲೇನವ್ವಾ, ಹೊರಗ ಹೋಗ್ತೀನಿ ಬಿಡು," ಎಂದಳು.

ಕೋಣೆ ಸಿಕ್ಕಿತೆಂದು ನನಗೆ ಸಂತೋಷವೇ ಆಯಿತು. ಸಂಜೆ ಹೊಸ ಚಾಪೆ ಕೊಂಡು ತಂದೆ.

ಒಡತಿ ಕೆಟ್ಟವಳೆಂದು ಹೇಳಲಾರೆ. ಆಗಾಗ ರೊಟ್ಟಿ ತಂದುಕೊಡುತ್ತಿದ್ದಳು. ಕೊಟ್ಟವಳು ಅವ್ವನ ಎದೆ ಏರಿಳಿಯುವುದನ್ನು ಒಂದಿಷ್ಟು ಹೊತ್ತು ನೋಡಿಯೇ ಕೆಳಗಿಳಿಯುತ್ತಿದ್ದಳು.

ಮಳೆಗಾಲದ ಕೊನೆಗೆ ಡಾಕ್ಟರು, ಇನ್ನು ಮನೆಗೆ ಒಯ್ಯಿರಿ ಎಂದರು. ಮರುದಿನ ಮಧ್ಯಾಹ್ನ ಅವ್ವನಿಗೆ ಮೇಲುಸಿರು ಶುರುವಾಯಿತು. ಚಮಚದಲ್ಲಿ ನೀರು ಹಾಕುತ್ತಿದ್ದೆ. ಒಡತಿ ಬಾಗಿಲಿಗೆ ಬಂದಳು.

"ಎತ್ತು, ಜೀವ ಇರೂದ್ರಾಗ ಎತ್ತು. ಆಟೋ ಕರಿಸೀನಿ."

"ನೀರು ಕುಡ್ಯಾಕತ್ತಾಳ್ರಿ."

"ಆಟೋದಾಗ ಕುಡಿಸು."

ಪಕ್ಕದ ಕೋಣೆಯವರು ಅವ್ವನನ್ನು ಚಾಪೆಸಮೇತ ಇಳಿಸಿದರು. ಕುರುಗೋಡಿನಲ್ಲಿ ಚಿಕ್ಕಮ್ಮ ಇದ್ದಾಳೆಂದು ಆ ದಾರಿ ಹಿಡಿಸಿ, ಆಟೋದಿಂದಲೇ ಫೋನ್ ಮಾಡಿದೆ. ಚಿಕ್ಕಮ್ಮ ಜೋರಾಗಿ ಅತ್ತಳು. ಆಮೇಲೆ ದನಿ ತಗ್ಗಿಸಿ, "ನಮ್ದೂ ಬಾಡಿಗಿ ಮನಿ ಅಲ್ಲೇನ? ನಮ್ಮ ಓನರ್ ಒಳಗ ಬಿಡಂಗಿಲ್ಲ," ಎಂದಳು.

"ಎಲ್ಲಿಗೆ ಹೋಗಬೇಕಕ್ಕಾ?" ಡ್ರೈವರ್ ಕೇಳಿದ.

"ಸುಮ್ನ ಹೊಡಿ."

ಊರು ದಾಟಿ ಮೆಣಸಿನಕಾಯಿ ಹೊಲಗಳ ನಡುವೆ ಹೋಗುತ್ತಿರುವಾಗ ತೊಡೆಯ ಮೇಲಿದ್ದ ಅವ್ವನ ತಲೆ ಒಮ್ಮೆಲೇ ಭಾರವಾಯಿತು. ಡ್ರೈವರ್ ತಿರುಗಿ ನೋಡಿ, ಆಟೋದಲ್ಲಿ ಹಚ್ಚಿದ್ದ ಹಾಡು ನಿಲ್ಲಿಸಿದ. ಅವಳನ್ನು ಇಳಿಸಲು ಮನೆಯೊಂದು ಇರಲಿಲ್ಲ. ಹಾಗೇ ಸಿರುಗುಪ್ಪಕ್ಕೆ ಒಯ್ದು, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ನಾನು ವಾಪಸು ಬಂದಾಗ ಕೋಣೆ ತೊಳೆದಾಗಿತ್ತು.

"ಎಲ್ಲಿ ಆತು?" ಒಡತಿ ಕೇಳಿದಳು.

"ರಸ್ತ್ಯಾಗ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪುಣ್ಯವಂತಿ ನಿಮ್ಮವ್ವ," ಎಂದಳು.

ಅಲ್ಲಿಂದ ಹೋಗಿಬಿಡಬೇಕೆಂದು ರಜೆಯ ದಿನಗಳಲ್ಲೆಲ್ಲ ಬೇರೆ ಕೋಣೆ ಹುಡುಕಿದೆ. ಒಂಟಿ ಹೆಂಗಸಿಗೆ ಹೆಚ್ಚಿನವರು ಕೊಡಲಿಲ್ಲ. ಕೊಡುವವರು ಕೇಳಿದ ಬಾಡಿಗೆ ನನ್ನ ಕೈಗೆಟುಕಲಿಲ್ಲ. ಈಗಲೂ ಅಲ್ಲೇ ಇದ್ದೇನೆ. ಯುಗಾದಿಗೆ ಒಡತಿ ಹೋಳಿಗೆ ಕಳಿಸಿದರೆ ತಿನ್ನುತ್ತೇನೆ.